ವಾಸನೆ ಬಂದಿಲ್ಲ, ಹಾಗಾದ್ರೆ ಗೀಸರ್ ಸರಿಯಿದೆ ಅಲ್ವಾ?

ಪ್ರಶ್ನೆ: ಶಿರಸಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಗ್ಯಾಸ್ ಗೀಸರ್ ಬಚ್ಚಲುಮನೆ ಒಳಗೇ ಹಾಕಿಸಬಹುದಾ? ಎಕ್ಸಾಸ್ಟ್ ಫ್ಯಾನ್ ಇದೆ.

ಬೇಡ. ಮಳೆಗಾಲ ಹತ್ತಿರ ಬಂತು ಅಂದ್ರೆ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಗೀಸರ್ ಹೊರಗೋಡೆಗೆ ಇರಲಿ, ಮಾಡಿನ ಕೆಳಗೆ, ಗಾಳಿಯಾಡುವ ಕಡೆ. ಸಿಲಿಂಡರೂ ಹೊರಗೇ ನೆಟ್ಟಗೆ ನಿಂತಿರಲಿ. ಬಚ್ಚಲಿಗೆ ಬಿಸಿನೀರಿನ ಪೈಪ್ ಬಂದರೆ ಸಾಕು.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ: "ಲೀಕ್ ಆದ್ರೆ ವಾಸನೆ ಗೊತ್ತಾಗ್ತದಲ್ಲ ಮಾರಾಯ್ರೆ!" ಆ ನಾತ ಮರ್ಕ್ಯಾಪ್ಟನ್‌ದು. ಸೋರಿದರೆ ಮೂಗಿಗೆ ತಿಳಿಯಲಿ ಅಂತ ಕಂಪನಿಯವರೇ ಬೆರೆಸುತ್ತಾರೆ. ಗ್ಯಾಸ್ ಉರಿದರೆ ಅದೂ ಉರಿದು ಹೋಗುತ್ತದೆ. ಇಲ್ಲಿ ಹೆದರಬೇಕಾದ್ದು ಸೋರುವ ಗ್ಯಾಸಿಗಿಂತ ಉರಿಯುವ ಗ್ಯಾಸಿಗೆ.

ಸುಮ್ನೆ ಲೆಕ್ಕ ಹಾಕಿ ನೋಡಿ. 6 ಲೀಟರಿನ ಗೀಸರ್ 10 ನಿಮಿಷಕ್ಕೆ ಹೆಚ್ಚುಕಡಿಮೆ 150 ಗ್ರಾಂ ಗ್ಯಾಸ್ ಸುಡುತ್ತದೆ. ಒಂದು ಕೆಜಿ ಗ್ಯಾಸ್ ಪೂರ್ತಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿ 7 ಘನ ಮೀಟರೂ ಇಲ್ಲ. ಬಾಗಿಲು ಕಿಟಕಿ ಮುಚ್ಚಿದ್ದರೆ ಒಬ್ಬರ ಸ್ನಾನಕ್ಕೇ ಕಾಲುಭಾಗ ಗಾಳಿ ಕೆಟ್ಟಿತು. ದೀಪಾವಳಿಯ ಎಣ್ಣೆಸ್ನಾನಕ್ಕೆ ಒಬ್ಬರ ಹಿಂದೆ ಒಬ್ಬರು ಹೋದರೆ?

ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟುತ್ತದೆ. ತಲೆ ಸುತ್ತುತ್ತದೆ, ಕಾಲು ಸೋಲುತ್ತದೆ. ಬಿಸಿನೀರಿಗೆ ಹಾಗಾಯ್ತು ಅಂದುಕೊಳ್ಳುವಷ್ಟರಲ್ಲಿ ಚಿಲಕ ತೆಗೆಯಲೂ ಕೈಯಲ್ಲಿ ಬಲ ಇರುವುದಿಲ್ಲ.

ಇನ್ನು ನಿಮ್ಮ ಫ್ಯಾನು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ. ಫ್ಯಾನ್ ನಿಲ್ಲುತ್ತದೆ, ಗೀಸರ್ ನಿಲ್ಲುವುದಿಲ್ಲ. ಅದು ಕಿಡಿ ಹೊತ್ತಿಸುವುದು ಬ್ಯಾಟರಿ ಸೆಲ್ಲಿನಿಂದ.

"ಅಜ್ಜನ ಕಾಲದಲ್ಲಿ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ತುಂಬ್ತಿದ್ರು, ಏನೂ ಆಗ್ಲಿಲ್ಲ" ಅನ್ನುವವರಿಗೆ: ಆ ಹೊಗೆಯಲ್ಲೂ ಇದೇ ವಿಷ ಇತ್ತು. ಆದರೆ ಕಣ್ಣುರಿ ತಡೆಯದೆ ಜನ ತಾವೇ ಹೊರಗೆ ಓಡಿ ಬರುತ್ತಿದ್ದರು. ಹಂಚಿನ ಸಂದಿಯಲ್ಲಿ ಹೊಗೆಯೂ ಹೊರಗೆ ಹೋಗುತ್ತಿತ್ತು.

ಕಾರವಾರ, ಅಂಕೋಲಾದವರು ಕೇಳದೇ ಇದ್ದರೂ ಒಂದು ಮಾತು. ಗೀಸರ್ ಹೊರಗಿಟ್ಟರೆ ಉಪ್ಪುಗಾಳಿಗೆ ಬರ್ನರ್ ಬೇಗ ತುಕ್ಕು ಹಿಡಿಯುತ್ತದೆ. ಅದರ ರಂಧ್ರಗಳಲ್ಲಿ ಜೇಡರ ಬಲೆ, ಕೊಳವೆಯಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು ಬೇರೆ. ಉರಿ ನೀಲಿ ಇದ್ದರೆ ಸರಿ. ಹಳದಿಯಾಗಿ ಮಸಿ ಹಿಡಿಯುತ್ತಿದ್ದರೆ ಆವತ್ತೇ ಬಂದ್ ಮಾಡಿ, ಚೌತಿ ಮುಗಿಯಲಿ ಅಂತ ಕಾಯಬೇಡಿ. ರಿಪೇರಿಯವರು ಬಂದಾಗ ರಬ್ಬರ್ ಪೈಪಿನ ಮೇಲಿನ ತಾರೀಕನ್ನೂ ನೋಡಿಸಿಬಿಡಿ.