ಅಲ್ಯೂಮಿನಿಯಂ ಬಾನೆಟ್‌ನಲ್ಲಿ ಗುಳ್ಳೆ ಯಾಕೆ ಏಳುತ್ತದೆ?

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ತಿರ ಅಡಿಕೆ ತೋಟ. ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಒಂದಿದೆ. ಅದರ ಬಾನೆಟ್ ಅಲ್ಯೂಮಿನಿಯಂದು, ತುಕ್ಕಿನ ಭಯವೇ ಇಲ್ಲ ಅಂದಿದ್ದರು. ಈಗ ಮುಂದಿನ ಅಂಚಿನಲ್ಲಿ ಪೇಂಟ್ ಗುಳ್ಳೆ ಎದ್ದಿದೆ, ಕೆರೆದರೆ ಬಿಳಿ ಪುಡಿ ಬರುತ್ತದೆ. ಪೇಂಟ್ ಮಾಡಿಸಿದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಎದ್ದಿತು. ಹಾಗಾದರೆ ಇದು ಅಲ್ಯೂಮಿನಿಯಂ ಅಲ್ವಾ?

ಉತ್ತರ: ಅಲ್ಯೂಮಿನಿಯಮೇ. ಆ ಬಿಳಿ ಪುಡಿಯೇ ಸಾಕ್ಷಿ. ಕಬ್ಬಿಣವಾಗಿದ್ದರೆ ಕೆಂಪು ಬರುತ್ತಿತ್ತು. ಅನುಮಾನ ಇದ್ದರೆ ಒಂದು ಸಣ್ಣ ಅಯಸ್ಕಾಂತ ಇಟ್ಟು ನೋಡಿ, ಅಂಟುವುದಿಲ್ಲ. ಪುಟ್ಟಿ ದಪ್ಪಗೆ ಮೆತ್ತಿದ ಕಬ್ಬಿಣದ ಮೇಲೂ ಅಂಟದು, ಹಾಗಾಗಿ ಪೇಂಟ್ ಮಾಡಿಸದ ಜಾಗದಲ್ಲಿ ನೋಡಿ.

ತುಕ್ಕೇ ಹಿಡಿಯಲ್ಲ ಅನ್ನುವುದು ಅರ್ಧ ಸತ್ಯ. ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡ್‌ನ ಒಂದು ಪದರ ಕಟ್ಟಿಕೊಳ್ಳುತ್ತದೆ. ದಪ್ಪ ಬರೀ ಕೆಲವು ನ್ಯಾನೋಮೀಟರ್. ಗೀರಿದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಉಪ್ಪು ಸಿಕ್ಕಿದರೆ ಈ ಪದರ ಅಲ್ಲಲ್ಲಿ ತೂತು ಬೀಳುತ್ತದೆ. ಹುಳಿ ಜಾಸ್ತಿಯಾದರೂ ಸುಣ್ಣದಂಥ ಕ್ಷಾರ ಜಾಸ್ತಿಯಾದರೂ ಕರಗುತ್ತದೆ. ಪಿಎಚ್ (ಹುಳಿ, ಕ್ಷಾರದ ಅಳತೆ) ಸುಮಾರು 4ರಿಂದ 8.5ರ ಒಳಗಿದ್ದರೆ ಮಾತ್ರ ಅದು ಗಟ್ಟಿ.

ಇದಕ್ಕಿಂತ ದೊಡ್ಡ ತೊಂದರೆ ಸಹವಾಸ ದೋಷ. ಅಲ್ಯೂಮಿನಿಯಂಗೆ ಕಬ್ಬಿಣವೋ ತಾಮ್ರವೋ ತಾಗಿಕೊಂಡಿದ್ದು, ನಡುವೆ ಉಪ್ಪು ನೀರು ನಿಂತರೆ ಅಲ್ಲೊಂದು ಪುಟ್ಟ ಬ್ಯಾಟರಿ ತಯಾರಾಗುತ್ತದೆ. ಅದರಲ್ಲಿ ಸವೆಯುವುದು ಯಾವಾಗಲೂ ಅಲ್ಯೂಮಿನಿಯಂ. ಸವೆದು ಆಗುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಪೇಂಟನ್ನು ಕೆಳಗಿನಿಂದ ಎತ್ತುತ್ತದೆ. ಅದೇ ನಿಮ್ಮ ಗುಳ್ಳೆ. ಕೆಲವು ಸಲ ಗುಳ್ಳೆಯ ಬದಲು ಪೇಂಟಿನ ಅಡಿಯಲ್ಲಿ ನೂಲಿನಂಥ ಗೆರೆಗಳು ಓಡಿರುತ್ತವೆ, ಅದೂ ಇದೇ ಜಾತಿಯ ಕಾಯಿಲೆ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಹೆದ್ದಾರಿ ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಕಡಲಿಗೆ ಹತ್ತಿರವೇ ಓಡುತ್ತದೆ, ಗಾಳಿಯಲ್ಲೇ ಉಪ್ಪು. ಮೀನಿನ ಲಾರಿಯ ಹಿಂದೆ ಹೋದರೆ ಐಸ್ ಕರಗಿದ ಉಪ್ಪು ನೀರು ನೇರ ಬಾನೆಟ್ ಮೇಲೆ. ಜಲ್ಲಿ ಹಾರಿ ಪೇಂಟ್ ಕಿತ್ತು ಬಂದಿದ್ದರೆ ಅಷ್ಟು ಸಾಕು.

ಆದರೆ ನೀವು ಅಡಿಕೆ ತೋಟದವರು. ನನ್ನ ಅನುಮಾನ ಮದ್ದಿನ ಮೇಲೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ಮದ್ದು ಸರಿಯಾಗಿದೆಯಾ ಅಂತ ನೋಡಲು ಕಬ್ಬಿಣದ ಕತ್ತಿ ಅದ್ದುತ್ತೀರಲ್ಲ? ಸುಣ್ಣ ಕಮ್ಮಿಯಾಗಿದ್ದರೆ ಕತ್ತಿಗೆ ತಾಮ್ರದ ಕೆಂಪು ಹಿಡಿಯುತ್ತದೆ. ಪೇಂಟ್ ಹೋದ ಅಲ್ಯೂಮಿನಿಯಂ ಮೇಲೂ ತಾಮ್ರ ಹಾಗೆಯೇ ಕೂರುತ್ತದೆ. ಕೂತ ಒಂದೊಂದು ಚುಕ್ಕೆಯ ಸುತ್ತಲೂ ಅಲ್ಯೂಮಿನಿಯಂ ಸವೆದು ಗುಳಿ ಬೀಳುತ್ತದೆ. ಸುಣ್ಣ ಜಾಸ್ತಿಯಾದರೆ ಅದರ ಕ್ಷಾರ ಬೇರೆ. ತೋಟದ ಬದಿಯಲ್ಲಿ ನಿಲ್ಲಿಸಿದ ಗಾಡಿಯ ಮೇಲೆ ಆ ನೀಲಿ ಹನಿಗಳು ಒಣಗಿ ಕೂತಿರುವುದನ್ನು ನೀವೇ ನೋಡಿರುತ್ತೀರಿ. ಪೇಂಟ್ ಗಟ್ಟಿ ಇರುವ ಕಡೆ ಪರವಾಗಿಲ್ಲ. ಅಂಚಿನ ಮಡಿಕೆಗೆ ಇಳಿದರೆ ಕಷ್ಟ. ಬಾನೆಟ್‌ನ ಹೊರ ಶೀಟನ್ನು ಒಳ ಶೀಟಿನ ಮೇಲೆ ಮಡಚಿರುತ್ತಾರೆ, ಅಲ್ಲಿ ಪೇಂಟ್ ತೆಳು, ನೀರು ಬೇಗ ಆರುವುದೂ ಇಲ್ಲ. ಮದ್ದು ಬಿಡುವ ದಿನ ಗಾಡಿ ದೂರ ನಿಲ್ಲಿಸಿ. ಹನಿ ಬಿದ್ದರೆ ಒಣಗುವ ಮೊದಲೇ ಬರೀ ನೀರು ಹೊಡೆಯಿರಿ.

ಇನ್ನು, ಪೇಂಟ್ ಮಾಡಿಸಿದ ಮೇಲೂ ಯಾಕೆ ಬಂತು? ಬಹುಶಃ ವರ್ಕ್‌ಶಾಪ್‌ನಲ್ಲೇ ಬೀಜ ಬಿತ್ತಿದ್ದಾರೆ. ಕಬ್ಬಿಣ ಉಜ್ಜಿದ ಸ್ಯಾಂಡ್ ಪೇಪರನ್ನೇ ಅಲ್ಯೂಮಿನಿಯಂಗೂ ಹಾಕಿದರೆ, ಕಬ್ಬಿಣದ ತಂತಿ ಬ್ರಷ್‌ನಿಂದ ತಿಕ್ಕಿದರೆ, ಪಕ್ಕದಲ್ಲಿ ಗ್ರೈಂಡರ್ ಕಿಡಿ ಹಾರುತ್ತಿದ್ದರೆ ಕಬ್ಬಿಣದ ಕಣಗಳು ಮೆತ್ತಗಿನ ಅಲ್ಯೂಮಿನಿಯಂ ಒಳಗೆ ಚುಚ್ಚಿಕೊಳ್ಳುತ್ತವೆ. ಮೇಲೆ ಎಷ್ಟೇ ಚಂದ ಪೇಂಟ್ ಹೊಡೆದರೂ ಒಳಗೆ ಕೆಲಸ ಶುರು. ಇದು ಸಣ್ಣ ವರ್ಕ್‌ಶಾಪ್‌ಗಳ ತಪ್ಪು ಮಾತ್ರ ಅಲ್ಲ. 2004ರಲ್ಲಿ ಅಮೆರಿಕದಲ್ಲಿ ಫೋರ್ಡ್ ಕಂಪನಿ ತನ್ನ ಸರ್ವಿಸ್ ಬುಲೆಟಿನ್‌ನಲ್ಲಿ (ರಿಪೇರಿಯವರಿಗೆ ಕೊಡುವ ಸೂಚನೆ) ಅಲ್ಯೂಮಿನಿಯಂ ಭಾಗಗಳ ಪೇಂಟ್ ಗುಳ್ಳೆಗೆ ಇದೇ ಕಬ್ಬಿಣದ ಕಣಗಳ ಕಾರಣ ಕೊಟ್ಟಿತ್ತು.

ಹಾಗಾಗಿ ಪೇಂಟರ್ ಹತ್ತಿರ ರೇಟ್ ಕೇಳುವ ಮೊದಲು ಇದನ್ನು ಕೇಳಿ: ಅಲ್ಯೂಮಿನಿಯಂಗೆ ಬೇರೆ ಡಿಸ್ಕ್, ಬೇರೆ ಬ್ರಷ್ ಇಟ್ಟಿದ್ದೀರಾ? ಗುಳ್ಳೆಯ ಸುತ್ತ ಗಟ್ಟಿ ಪೇಂಟ್ ಸಿಗುವವರೆಗೂ ಕೆರೆದು, ಹೊಳೆಯುವ ಲೋಹ ಕಾಣಬೇಕು. ಗುಳಿಯಲ್ಲಿ ಒಂದು ಚೂರು ಬಿಳಿ ಪುಡಿ ಉಳಿಯಬಾರದು. ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ನಮ್ಮ ಮಳೆಗಾಲದಲ್ಲಿ "ನಾಳೆ ಹೊಡೆಯೋಣ" ಅಂದರೆ ಕೆಟ್ಟ ಹಾಗೆಯೇ. ಪುಟ್ಟಿ ಏನಿದ್ದರೂ ಪ್ರೈಮರ್ ಆದ ಮೇಲೆ.

ಬೋಲ್ಟ್ ಬಗ್ಗೆಯೂ ಒಂದು ಮಾತು. ತುಕ್ಕು ಹಿಡಿಯದಿರಲಿ ಅಂತ ಕೆಲವರು ಹೊಳೆಯುವ ಸ್ಟೇನ್‌ಲೆಸ್ ಬೋಲ್ಟ್ ಹಾಕಿಸುತ್ತಾರೆ. ಬೋಲ್ಟ್‌ಗೆ ಏನೂ ಆಗದು, ಸುತ್ತಲಿನ ಅಲ್ಯೂಮಿನಿಯಂ ಹೋಗುತ್ತದೆ. ಸತುವಿನ ಲೇಪ ಇರುವ ಬೋಲ್ಟ್ ವಾಸಿ, ಕೆಳಗೆ ನೈಲಾನ್ ವಾಷರ್ ಇರಲಿ. ಕಬ್ಬಿಣದ ಫ್ರೇಮಿಗೆ ಅಲ್ಯೂಮಿನಿಯಂ ಶೀಟ್ ಬಡಿದ ಬಸ್ಸು, ಪಿಕಪ್ ಇದ್ದವರು ಎರಡರ ನಡುವೆ ಸೀಲೆಂಟ್ ಹಾಕಿಸಿ, ಫ್ರೇಮಿಗೂ ಪೇಂಟ್ ಮಾಡಿಸಿ. ಬರೀ ಅಲ್ಯೂಮಿನಿಯಂಗೆ ಪೇಂಟ್ ಹೊಡೆದು ಕಬ್ಬಿಣವನ್ನು ಬೋಳಾಗಿ ಬಿಟ್ಟರೆ, ಪೇಂಟಿನಲ್ಲಿ ಗೀರು ಬಿದ್ದ ಆ ಒಂದೇ ಜಾಗಕ್ಕೆ ಪೂರ್ತಿ ಹೊಡೆತ ಬೀಳುತ್ತದೆ.

ಗಾಡಿ ತೊಳೆಯುವಾಗ ವಾಷಿಂಗ್ ಸೋಡ, ಆಸಿಡ್ ಎರಡೂ ಬೇಡ, ಕಾರಿನ ಶಾಂಪೂ ಸಾಕು. ಒದ್ದೆ ಗಾಡಿಗೆ ಕವರ್ ಹೊದಿಸಬೇಡಿ. ಬಾನೆಟ್, ಡೋರ್‌ಗಳ ಅಡಿಯ ನೀರು ಹೋಗುವ ತೂತುಗಳಲ್ಲಿ ಎಲೆ, ಮಣ್ಣು ಕಟ್ಟಿದ್ದರೆ ತೆಗೆಯಿರಿ.

ನಿಮ್ಮ ಗುಳ್ಳೆ ಶೀಟಿನ ನಡುವೆ ಇದ್ದರೆ ಮೇಲೆ ಹೇಳಿದ ಹಾಗೆ ಮಾಡಿಸಿ. ಮಡಿಕೆಯ ಒಳಗಿಂದಲೇ ಪುಡಿ ಉದುರುತ್ತಿದ್ದರೆ ಅಲ್ಲಿಗೆ ಯಾವ ಬ್ರಷ್ಷೂ ತಲುಪದು. ಆಗ ಇನ್ನೊಂದು ಸಲ ಪೇಂಟಿಗೆ ದುಡ್ಡು ಸುರಿಯುವ ಬದಲು ಒಳ್ಳೆಯ ಸ್ಥಿತಿಯ ಹಳೇ ಬಾನೆಟ್ ಹುಡುಕುವುದೇ ಲಾಭ. ಕೊಳ್ಳುವಾಗ ಮೊದಲು ಅಂಚು ಮಗುಚಿ ನೋಡಿ.