ರಿಪೋರ್ಟ್ ನಾರ್ಮಲ್, ಸುಸ್ತು ಮಾತ್ರ ಹೋಗಿಲ್ಲ: ‘ಗೋಲ್ಡನ್ ಗರ್ಲ್ಸ್’ ಐದನೇ ಸೀಸನ್ ಒಬ್ಬ ಡಾಕ್ಟರ್ ಕಣ್ಣಲ್ಲಿ

ಅಮೆರಿಕದ ‘ದಿ ಗೋಲ್ಡನ್ ಗರ್ಲ್ಸ್’ ತನ್ನ ಐದನೇ ಸೀಸನ್ ಶುರು ಮಾಡಿದ್ದು 1989ರ ಸೆಪ್ಟೆಂಬರ್‌ನಲ್ಲಿ. ಕಾಮಿಡಿ ಧಾರಾವಾಹಿಯ ಹೊಸ ಸೀಸನ್ ಅಂದರೆ ಮದುವೆಯೋ ಗಲಾಟೆಯೋ ಇರುತ್ತೆ ಅಂದುಕೊಳ್ತೀವಿ. ಇಲ್ಲಿ ಶುರುವಾಗುವುದು ಸುಸ್ತಿನಿಂದ. ಡೊರೊಥಿ ಅನ್ನೋ ಟೀಚರ್‌ಗೆ ತಿಂಗಳುಗಟ್ಟಲೆ ಮೈಯಲ್ಲಿ ತ್ರಾಣವಿಲ್ಲ. ಒಬ್ಬರಾದ ಮೇಲೆ ಒಬ್ಬರು ಡಾಕ್ಟರ್ ನೋಡುತ್ತಾರೆ. ‘ನಿಮಗೇನೂ ಆಗಿಲ್ಲ’ ಅನ್ನುತ್ತಾರೆ. ಎರಡು ಕಂತು ಇದೇ ಕಥೆ.

ನೋಡಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಮಯಾಮಿಯ ಒಂದು ಮನೆಯಲ್ಲಿ ನಾಲ್ವರು ಹೆಂಗಸರು ಒಟ್ಟಿಗೆ ಇರುತ್ತಾರೆ. ಮನೆ ಬ್ಲಾಂಚ್‌ಳದು, ಅವಳು ವಿಧವೆ. ಮಿನೆಸೋಟದ ಹಳ್ಳಿಯಿಂದ ಬಂದ ರೋಸ್ ಕೂಡ ಗಂಡನನ್ನು ಕಳೆದುಕೊಂಡವಳು. ಡೊರೊಥಿಗೆ ಡೈವೋರ್ಸ್ ಆಗಿದೆ. ಅವಳ ಜೊತೆ ಅವಳ ತಾಯಿ, ಎಂಬತ್ತು ದಾಟಿದ ಸೋಫಿಯಾ. 1985ರಿಂದ 1992ರವರೆಗೆ ಏಳು ಸೀಸನ್, 180 ಕಂತು, ಎನ್‌ಬಿಸಿ ಚಾನೆಲ್‌ನಲ್ಲಿ ಶನಿವಾರ ರಾತ್ರಿ. ಅಡುಗೆಮನೆ ಟೇಬಲ್, ಚೀಸ್‌ಕೇಕ್, ಮಾತು. ಇಷ್ಟೇ ಬಂಡವಾಳ.

ವಯಸ್ಸಾದವರ ಚಿಕಿತ್ಸೆ ನನ್ನ ಕೆಲಸ. ಹಾಗಾಗಿ ಈ ಸೀಸನ್ ನನಗೆ ಸುಮ್ನೆ ನಕ್ಕು ಬಿಡುವಂಥದ್ದಲ್ಲ. 26 ಕಂತುಗಳಲ್ಲಿ ಬರುವ ಕಾಯಿಲೆಗಳನ್ನು ನೋಡಿ: ಬಿಡದ ಸುಸ್ತು, ಮರೆವಿನ ಭಯ, ಹೃದಯದ ಬಡಿತ ಸರಿಯಿಡುವ ಪೇಸ್‌ಮೇಕರ್, ಎಚ್‌ಐವಿ ಪರೀಕ್ಷೆ, ಬದುಕು ಸಾಕು ಅನ್ನುವ ಒಬ್ಬ ಗೆಳತಿ. ನನ್ನ ಒಂದು ವಾರದ ಓಪಿಡಿ ಹೆಚ್ಚುಕಮ್ಮಿ ಹೀಗೇ ಇರುತ್ತೆ.

ಡೊರೊಥಿಯ ಕಥೆಯನ್ನು ಬರೆದದ್ದು ಧಾರಾವಾಹಿಯ ಸೃಷ್ಟಿಕರ್ತೆ ಸೂಸನ್ ಹ್ಯಾರಿಸ್. ಡಾಕ್ಟರ್‌ಗಳು ನಂಬದೇ ಇದ್ದದ್ದು ಅವರದೇ ಅನುಭವ. ಅದು ಬರವಣಿಗೆಯಲ್ಲಿ ಗೊತ್ತಾಗುತ್ತೆ, ಯಾಕೆಂದರೆ ಇಲ್ಲಿನ ಡಾಕ್ಟರ್‌ಗಳು ರಾಕ್ಷಸರಲ್ಲ. ಸೌಮ್ಯವಾಗಿ, ನಗುನಗುತ್ತಾ ಮಾತಾಡುತ್ತಾರೆ. ವಯಸ್ಸಾಯ್ತು ಅನ್ನುತ್ತಾರೆ. ಬ್ಯೂಟಿ ಪಾರ್ಲರ್‌ಗೆ ಹೋಗಿ ಬನ್ನಿ ಅನ್ನುವ ಮಟ್ಟಕ್ಕೂ ಹೋಗುತ್ತಾರೆ. ನ್ಯೂಯಾರ್ಕ್‌ನ ದೊಡ್ಡ ನರರೋಗ ತಜ್ಞರೂ ಅಷ್ಟೇ. ಕೊನೆಗೆ ಅವಳ ಮಾತು ನಂಬುವವನು ಪಕ್ಕದ ಮನೆಯ ಮಕ್ಕಳ ಡಾಕ್ಟರ್. ಅವನು ಸರಿಯಾದ ತಜ್ಞರ ಹತ್ತಿರ ಕಳಿಸುತ್ತಾನೆ. ಆಗ ಕಾಯಿಲೆಗೆ ಹೆಸರು ಸಿಗುತ್ತೆ: ಕ್ರಾನಿಕ್ ಫೆಟೀಗ್ ಸಿಂಡ್ರೋಮ್, ಅಂದರೆ ತಿಂಗಳುಗಟ್ಟಲೆ ಬಿಡದ ಸುಸ್ತಿನ ಕಾಯಿಲೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಈ ಕಾಯಿಲೆಗೆ ಲಕ್ಷಣಗಳ ಪಟ್ಟಿ ಕೊಟ್ಟದ್ದೇ 1988ರಲ್ಲಿ. ಮರುವರ್ಷವೇ ಅದು ಶನಿವಾರ ರಾತ್ರಿಯ ಕಾಮಿಡಿಯಲ್ಲಿ ಬಂದುಬಿಟ್ಟಿತ್ತು!

ಆಮೇಲೆ ನಾಲ್ವರೂ ಹೋಟೆಲಿಗೆ ಊಟಕ್ಕೆ ಹೋಗುತ್ತಾರೆ, ಖುಷಿಗೆ. ಕಾಯಿಲೆ ಇದೆ ಅಂತ ಗೊತ್ತಾದದ್ದಕ್ಕೆ ಖುಷಿ. ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು, ನಮಗಲ್ಲ. ‘ಎಲ್ಲಾ ರಿಪೋರ್ಟೂ ನಾರ್ಮಲ್ ಇದೆ ಅಮ್ಮ’ ಅಂದಾಗ ಕೆಲವರ ಮುಖ ಸಣ್ಣಗಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಕಾಯಿಲೆ ಅಲ್ಲ. ಮನೆಯಲ್ಲಿ ತೋರಿಸೋಕೆ ಒಂದು ಕಾಗದ.

ಅದೇ ಹೋಟೆಲಿನಲ್ಲಿ ನ್ಯೂಯಾರ್ಕ್‌ನ ಆ ಡಾಕ್ಟರ್ ಹೆಂಡತಿ ಜೊತೆ ಕೂತಿರುತ್ತಾನೆ. ಡೊರೊಥಿ ಎದ್ದು ಅವನ ಟೇಬಲ್ಲಿಗೆ ಹೋಗುತ್ತಾಳೆ. ಅವನಿಗೆ ಅವಳ ಗುರುತೇ ಸಿಗುವುದಿಲ್ಲ. ಅವಳು ಕಿರುಚುವುದಿಲ್ಲ, ಅಳುವುದೂ ಇಲ್ಲ. ಡೊರೊಥಿಯ ಪಾತ್ರ ಮಾಡಿದ ಬಿಯಾ ಆರ್ಥರ್ ಅವರದು ಮೊದಲೇ ಗಡಸು ದನಿ. ಅದನ್ನು ಇನ್ನೂ ತಗ್ಗಿಸಿ ಮಾತಾಡುತ್ತಾರೆ. ಹೆದರಿಕೊಂಡು ನಿಮ್ಮ ಹತ್ತಿರ ಬಂದಿದ್ದೆ, ನೀವು ತಳ್ಳಿಹಾಕಿದಿರಿ. ನಾನು ಗಂಡಸಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ ಅನ್ನುತ್ತಾಳೆ. ಒಂದು ದಿನ ನೀವೂ ಟೇಬಲ್ಲಿನ ಈಚೆ ಬರುತ್ತೀರಿ, ಆಗ ನಿಮಗೆ ನಿಮಗಿಂತ ಒಳ್ಳೆ ಡಾಕ್ಟರ್ ಸಿಗಲಿ ಅಂತ ಹಾರೈಸಿ ಮುಗಿಸುತ್ತಾಳೆ. ನನಗೆ ಇಷ್ಟವಾಗುವುದು ಆ ಹಾರೈಕೆ. ಬೈಗುಳ ಆಗಿದ್ದರೆ ಮರೆತುಬಿಡಬಹುದಿತ್ತು.

ಡಾಕ್ಟರ್ ಪಕ್ಷದಿಂದ ಒಂದು ಮಾತು ಹೇಳಲೇಬೇಕು. ಸುಸ್ತು ಅನ್ನೋದು ಬಹಳ ಕಷ್ಟದ ದೂರು. ಜ್ವರ ಅಳೆಯಬಹುದು, ಬಿಪಿ ಅಳೆಯಬಹುದು, ಸುಸ್ತು ಅಳೆಯೋದು ಹೇಗೆ? ಹಾಗಂತ ಅಳೆಯಲು ಆಗದ್ದನ್ನು ‘ವಯಸ್ಸಾಯ್ತು’ ಡಬ್ಬಕ್ಕೆ ಹಾಕಿಬಿಡುವ ಹಾಗಿಲ್ಲ. ಅರುವತ್ತೈದು ದಾಟಿದ ಹೆಂಗಸು ಸುಸ್ತು ಅಂದರೆ ಮೊದಲು ರಕ್ತ ಕಡಿಮೆ ಇದೆಯಾ, ಥೈರಾಯ್ಡ್ ಸರಿ ಇದೆಯಾ ನೋಡುತ್ತೇವೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿಂದವರಲ್ಲಿ ಬಿ12 ಇಳಿದಿರಬಹುದು. ಬಿಪಿಗೆ ಕೊಡುವ, ಮೂತ್ರ ಜಾಸ್ತಿ ಮಾಡಿಸುವ ಕೆಲವು ಮಾತ್ರೆಗಳು ಸೋಡಿಯಂ ಇಳಿಸುತ್ತವೆ. ಆಗ ಸುಸ್ತಿನ ಜೊತೆ ಮಂಕು, ನಡಿಗೆಯಲ್ಲಿ ತೂರಾಟ. ನಿದ್ದೆಗೆಂದು ಯಾರೋ ಯಾವಾಗಲೋ ಬರೆದುಕೊಟ್ಟ ಮಾತ್ರೆ ಇನ್ನೂ ನಡೆಯುತ್ತಿರಬಹುದು. ಹೃದಯವನ್ನು ಮರೆಯಬಾರದು. ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಹೃದಯಾಘಾತ ಎದೆನೋವಿಲ್ಲದೆ ಬರೀ ಏದುಸಿರು, ವಾಕರಿಕೆ, ವಿಪರೀತ ಸುಸ್ತಾಗಿ ಬರುವುದುಂಟು. ಅಂಥ ಸುಸ್ತು ಇದ್ದಕ್ಕಿದ್ದಂತೆ ಶುರುವಾದರೆ ನಾಳೆ ಅನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಇದೆಲ್ಲಾ ಸರಿ ಇದ್ದು, ಆರು ತಿಂಗಳಾದರೂ ಸುಸ್ತು ಬಿಡದಿದ್ದರೆ ಡೊರೊಥಿಯ ಕಾಯಿಲೆಯ ಬಗ್ಗೆ ಯೋಚಿಸಬೇಕು. ಇದಕ್ಕೆ ಇವತ್ತಿಗೂ ಒಂದು ರಕ್ತಪರೀಕ್ಷೆ ಇಲ್ಲ. ಹಾಗಾಗಿ ಪ್ರಶ್ನೆಯೇ ಪರೀಕ್ಷೆ. ‘ಮನೆ ತೊಳೆದ ಮರುದಿನ ಹೇಗಿರ್ತೀರಾ?’ ಅಂತ ಕೇಳುತ್ತೇನೆ. ಮಾಮೂಲಿ ಸುಸ್ತಾದರೆ ರಾತ್ರಿ ನಿದ್ದೆ ಮಾಡಿದ ಮೇಲೆ ಹೋಗುತ್ತೆ. ಈ ಕಾಯಿಲೆಯಲ್ಲಿ ಸಣ್ಣ ಕೆಲಸ ಮಾಡಿದರೂ ಮರುದಿನ, ಅದರ ಮರುದಿನ ಹಾಸಿಗೆ ಹಿಡಿಯುವ ಹಾಗಾಗುತ್ತೆ. ಎಷ್ಟು ಮಲಗಿದರೂ ಹಗುರ ಅನ್ನಿಸುವುದಿಲ್ಲ. ‘ಎದ್ದು ವಾಕಿಂಗ್ ಮಾಡಿ, ದಿನಾ ಜಾಸ್ತಿ ಮಾಡ್ತಾ ಹೋಗಿ’ ಅನ್ನುವ ಸಲಹೆ ಇಂಥವರಿಗೆ ಕೆಟ್ಟದ್ದು. ಬ್ರಿಟನ್ನಿನಲ್ಲಿ ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಆ ಬಗೆಯ ಏರಿಕೆಯ ವ್ಯಾಯಾಮವನ್ನು ಕೈಬಿಟ್ಟಿತು. ಕೋವಿಡ್ ಆದ ಮೇಲೆ ತಿಂಗಳುಗಟ್ಟಲೆ ಇದೇ ಥರ ನರಳಿದವರನ್ನು ನೋಡಿದ ನಂತರ ಡಾಕ್ಟರ್‌ಗಳೂ ಇದನ್ನು ಹಗುರವಾಗಿ ತೆಗೆದುಕೊಳ್ಳುವುದು ಕಡಿಮೆಯಾಗಿದೆ.

ಈ ಪ್ರಶ್ನೆಗಳಿಗೆ ಉತ್ತರ ಯಾರು ಕೊಡಬೇಕು? ನನ್ನ ಪ್ರಕಾರ ಈ ಸೀಸನ್ನಿನ ನಿಜವಾದ ವಿಷಯ ಇದೇ. ನ್ಯೂಯಾರ್ಕ್‌ಗೆ ಡೊರೊಥಿ ಒಬ್ಬಳೇ ಹೋಗುವುದಿಲ್ಲ, ರೋಸ್ ಜೊತೆಗಿರುತ್ತಾಳೆ. ರೋಸ್ ಪೆದ್ದಿ ಅಂತ ಧಾರಾವಾಹಿ ಪೂರ್ತಿ ನಗಿಸುತ್ತಾರೆ. ಆದರೆ ಡೊರೊಥಿ ಎಷ್ಟು ಸಲ ಮಾತಾಡುತ್ತಾ ಮಾತಾಡುತ್ತಾ ಸೋತು ಮಲಗಿದಳು ಅನ್ನುವುದು ಅವಳಿಗೆ ಗೊತ್ತು, ಯಾವ ತಜ್ಞರಿಗೂ ಗೊತ್ತಿಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ತಾಯಿಯ ಜೊತೆ ಮಗ ಬರುತ್ತಾನೆ. ‘ಊಟ ಮಾಡ್ತೀರಾ ಅಮ್ಮ?’ ಅಂತ ಅವರನ್ನು ಕೇಳಿದರೆ ‘ಮಾಡ್ತಾರೆ ಡಾಕ್ಟ್ರೇ’ ಅಂತ ಮಗ ಹೇಳುತ್ತಾನೆ. ಪಾಪ, ಕಾಳಜಿಯೇ. ಆದರೆ ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಬರುವವನಿಗೆ ಮಧ್ಯಾಹ್ನದ ತಟ್ಟೆ ಹೇಗೆ ಗೊತ್ತಾಗಬೇಕು? ಅದೇ ಓರಗಿತ್ತಿಯೋ ಪಕ್ಕದ ಮನೆಯವರೋ ಬಂದರೆ ಕಥೆ ಬೇರೆ. ಒಬ್ಬರು ಹೀಗೇ ಗೆಳತಿಯನ್ನು ಕರೆದುಕೊಂಡು ಬಂದಿದ್ದರು. ನಾನು ಕೇಳುವ ಮೊದಲೇ ಅವರು ಶುರು ಮಾಡಿದರು: ‘ಇವ್ರು ಮೊದಲು ನಮ್ಮ ಮಹಡಿಗೆ ಒಂದೇ ಉಸಿರಿಗೆ ಹತ್ತಿ ಬರೋರು. ಈಗ ಮಧ್ಯದ ಮೆಟ್ಟಿಲಲ್ಲಿ ಕೂತು, ಯಾರಾದ್ರೂ ನೋಡಿದ್ರೆ ಚಪ್ಪಲಿ ಸರಿ ಮಾಡ್ಕೊಳ್ಳೋ ಥರ ಮಾಡ್ತಾರೆ.’ ಆ ಚಪ್ಪಲಿಯ ಮಾತಿಗೆ ನಾನು ಇಸಿಜಿ ಮತ್ತು ಹೃದಯದ ಸ್ಕ್ಯಾನ್ ಆದ ಎಕೋ ಬರೆದೆ. ಹೃದಯದ ಕವಾಟ ಕಿರಿದಾಗಿತ್ತು.

ಇನ್ನು ಸೋಫಿಯಾ. ಬಾಯಿಗೆ ಬಂದದ್ದನ್ನು ಹೇಳಿಬಿಡುವ ಅಜ್ಜಿ. ಅದಕ್ಕೆ ಧಾರಾವಾಹಿಯ ಮೊಟ್ಟಮೊದಲ ಕಂತಿನಲ್ಲೇ ಒಂದು ಕಾರಣ ಕೊಟ್ಟಿದ್ದಾರೆ: ಸ್ಟ್ರೋಕ್ ಆಗಿ, ಏನು ಹೇಳಬೇಕು ಏನು ಹೇಳಬಾರದು ಅಂತ ತಡೆಯುವ ಮಿದುಳಿನ ಭಾಗ ಹೋಗಿದೆ. ನಗಿಸಲು ಕಟ್ಟಿದ ನೆಪ, ಆದರೆ ಸುಳ್ಳಲ್ಲ. ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರಲ್ಲಿ ಇದು ನಿಜವಾಗಿ ಆಗುತ್ತೆ. ‘ಅತ್ತೆ ಯಾಕೋ ಇತ್ತೀಚೆಗೆ ನೆಂಟರ ಮುಂದೆ ಏನೇನೋ ಅಂದುಬಿಡ್ತಾರೆ’ ಅಂತ ಸೊಸೆ ಬೇಸರದಿಂದ ಹೇಳುವಾಗ ನಾನು ಕಿವಿ ನೆಟ್ಟಗೆ ಮಾಡುತ್ತೇನೆ. ಅದು ಗುಣ ಅಲ್ಲದೇ ಇರಬಹುದು.

ಇದೇ ಸೀಸನ್ನಿನಲ್ಲಿ ಸೋಫಿಯಾಗೆ ನೆನಪು ಹೋಗುತ್ತಿದೆ ಅನ್ನುವ ಭಯ ಹಿಡಿಯುತ್ತದೆ. ಮಗಳು ಅವಳನ್ನು ಬ್ರೂಕ್ಲಿನ್‌ನ ಹಳೆಯ ಮನೆಗೆ ಕರೆದುಕೊಂಡು ಹೋಗುತ್ತಾಳೆ. ಆ ಪಾತ್ರ ಮಾಡಿದ ಎಸ್ಟೆಲ್ ಗೆಟ್ಟಿ ವಯಸ್ಸಿನಲ್ಲಿ ತಮ್ಮ ತೆರೆಯ ಮಗಳು ಬಿಯಾ ಆರ್ಥರ್‌ಗಿಂತ ಒಂದು ವರ್ಷ ಚಿಕ್ಕವರು. ಅವರಿಗೆ ಡೈಲಾಗ್ ನೆನಪಿಟ್ಟುಕೊಳ್ಳೋದು ಕಷ್ಟವಾಗುತ್ತಿತ್ತು, ಬರೆದ ಕಾರ್ಡ್‌ಗಳನ್ನು ನೋಡಿ ಹೇಳುತ್ತಿದ್ದರು ಅಂತ ಜೊತೆಯವರೇ ಹೇಳಿದ್ದಾರೆ. 2008ರಲ್ಲಿ ಅವರು ತೀರಿಕೊಂಡದ್ದು ಲೂಯಿ ಬಾಡಿ ಡಿಮೆನ್ಷಿಯಾ ಅನ್ನುವ, ಮಿದುಳು ಸವೆಯುವ ಕಾಯಿಲೆಯಿಂದ. ಎರಡನ್ನೂ ಗಂಟು ಹಾಕಲು ನಾನು ಹೋಗುವುದಿಲ್ಲ. ಆದರೂ ಈ ಕಂತು ನೋಡುವಾಗ ಅದು ತಲೆಯಿಂದ ಹೋಗಲ್ಲ. ಈ ಕಾಯಿಲೆಯಲ್ಲಿ ಮರೆವಿಗಿಂತ ಮೊದಲು ಬೇರೆಯದೇ ಕಾಣಿಸಬಹುದು: ಇಲ್ಲದ ಮಕ್ಕಳು, ಬೆಕ್ಕುಗಳು ಕಣ್ಣಿಗೆ ಬೀಳುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು, ಒಂದು ದಿನ ಚುರುಕು ಇನ್ನೊಂದು ದಿನ ಮಂಕು. ಇದನ್ನು ಹೇಳಬಲ್ಲವರೂ ಜೊತೆಯಲ್ಲಿ ಇರುವವರೇ.

ಬ್ಲಾಂಚ್‌ಗೆ ಪೇಸ್‌ಮೇಕರ್ ಹಾಕುತ್ತಾರೆ. ಗಂಡಸರ ಸಹವಾಸವಿಲ್ಲದೆ ಬದುಕಲಾರೆ ಅನ್ನುವವಳು ಹೆದರಿ ಎಲ್ಲಾ ಬಿಟ್ಟೆ ಅನ್ನುತ್ತಾಳೆ. ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಾರೆ. ಪೇಸ್‌ಮೇಕರ್ ಹಾಕಿದ ಮೇಲೆ ದಾಂಪತ್ಯ ಮೊದಲಿನಂತೆ ಇರಬಹುದಾ ಅಂತ ನಮ್ಮ ಹೆಂಗಸರು ಕೇಳುವುದೇ ಇಲ್ಲ, ಡಾಕ್ಟರೂ ಹೇಳುವುದಿಲ್ಲ. ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಗಾಯ ಮಾಗುವ ತನಕ ಪೇಸ್‌ಮೇಕರ್ ಇರುವ ಕಡೆಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ, ಭಾರ ಎತ್ತಬೇಡಿ. ಆಮೇಲೆ ಡಾಕ್ಟರ್ ಸರಿ ಅಂದರೆ ಅಡುಗೆ, ಪ್ರಯಾಣ, ದಾಂಪತ್ಯ, ಎಲ್ಲವೂ ಮೊದಲಿನಂತೆಯೇ.

1990ರ ಫೆಬ್ರವರಿಯಲ್ಲಿ ಬಂದ ‘72 ಅವರ್ಸ್’ ಕಂತನ್ನು ನಾನು ಡೊರೊಥಿಯ ಕಂತಿನ ಪಕ್ಕದಲ್ಲೇ ಇಡುತ್ತೇನೆ. ಹಿಂದೆ ಪಿತ್ತಕೋಶದ ಆಪರೇಷನ್ ಆದಾಗ ಕೊಟ್ಟ ರಕ್ತದಲ್ಲಿ ಎಚ್‌ಐವಿ ಇದ್ದಿರಬಹುದು ಅಂತ ರೋಸ್‌ಗೆ ಆಸ್ಪತ್ರೆಯಿಂದ ಪತ್ರ ಬರುತ್ತೆ. ಅಮೆರಿಕದಲ್ಲಿ ದಾನದ ರಕ್ತವನ್ನು ಪರೀಕ್ಷಿಸುವ ವಿಧಾನ ಬಂದದ್ದೇ 1985ರಲ್ಲಿ. ಅದಕ್ಕೂ ಮುಂಚೆ ರಕ್ತ ಪಡೆದವರ ಮನೆಗಳಲ್ಲಿ ಇಂಥ ಭಯ ನಿಜವಾಗಿಯೂ ಇತ್ತು. ರಿಪೋರ್ಟಿಗೆ ಮೂರು ದಿನ ಕಾಯಬೇಕು. ನಾನು ಒಳ್ಳೆಯವಳು, ನನಗೆ ಯಾಕೆ ಹೀಗೆ ಅಂತ ರೋಸ್ ಬ್ಲಾಂಚ್ ಮೇಲೆ ಹರಿಹಾಯುತ್ತಾಳೆ. ಇದು ಕೆಟ್ಟವರ ಕಾಯಿಲೆ ಅಲ್ಲ, ದೇವರು ಕೊಟ್ಟ ಶಿಕ್ಷೆಯೂ ಅಲ್ಲ ಅಂತ ಬ್ಲಾಂಚ್ ತಿರುಗಿ ಹೇಳುತ್ತಾಳೆ. ಈ ಮಾತನ್ನು ಧಾರಾವಾಹಿ ಹೇಳಿಸಿದ್ದು ಬ್ಲಾಂಚ್ ಬಾಯಲ್ಲಿ, ಉಪದೇಶ ಮಾಡುವವರ ಬಾಯಲ್ಲಿ ಅಲ್ಲ. ಒಳ್ಳೆ ಕೆಲಸ ಮಾಡಿದರು.

ಅದಕ್ಕಿಂತ ನಿಜ ಅನ್ನಿಸುವುದು ಸೋಫಿಯಾ ಕಾಫಿ ಕಪ್‌ಗಳಿಗೆ ಗುರುತು ಹಾಕುವುದು. ಒಟ್ಟಿಗೆ ಕುಡಿದರೆ ಅಂಟಲ್ಲ ಅಂತ ತಲೆಗೆ ಗೊತ್ತು, ಕೈ ಕೇಳುವುದಿಲ್ಲ. ಲೋಟ ಬೇರೆ ಇಡುವುದು ನಮಗೇನು ಹೊಸದೇ? ಟಿಬಿ ಔಷಧಿ ಮುಗಿಸಿ ವಾಸಿಯಾದ ಅಜ್ಜಿಗೆ ವರ್ಷ ಕಳೆದರೂ ಅದೇ ಸ್ಟೀಲ್ ಲೋಟ, ಕಿಟಕಿಯ ಮೇಲೆ. ಬಯ್ದರೆ ಪ್ರಯೋಜನವಿಲ್ಲ. ಮನೆಯವರನ್ನೆಲ್ಲ ಕೂರಿಸಿ, ಯಾವುದರಿಂದ ಹರಡುತ್ತೆ ಯಾವುದರಿಂದ ಹರಡಲ್ಲ ಅಂತ ಒಂದೊಂದಾಗಿ ಹೇಳಬೇಕು. ರೋಸ್‌ಗೆ ಏನೂ ಇಲ್ಲ ಅಂತ ರಿಪೋರ್ಟ್ ಬರುತ್ತೆ, ಬಿಡಿ.

ಸೋಫಿಯಾಳ ಗೆಳತಿಯೊಬ್ಬಳು ಸಾಯಲು ತೀರ್ಮಾನಿಸಿ, ಆಗ ಜೊತೆಗಿರು ಅಂತ ಕೇಳುವ ಕಂತೂ ಇದೆ. ಸೋಫಿಯಾ ಹೋಗುತ್ತಾಳೆ, ಕೂತು ಮಾತಾಡುತ್ತಾಳೆ, ತಡೆಯುತ್ತಾಳೆ. ವಯಸ್ಸಾದವರ ಖಿನ್ನತೆ ಅಳುವಾಗಿ ಬರುವುದಕ್ಕಿಂತ ಮೈಕೈ ನೋವು, ಹಸಿವಿಲ್ಲ, ನಿದ್ದೆಯಿಲ್ಲ ಅಂತ ಬರುವುದು ಜಾಸ್ತಿ. ‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ನೇರ ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನುವುದು ತಪ್ಪು ಕಲ್ಪನೆ. ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ನನ್ನದೊಂದು ದೂರಿದೆ. ಆ ಎರಡು ಕಂತು ಮುಗಿದ ಮೇಲೆ ಡೊರೊಥಿಯ ಕಾಯಿಲೆಯ ಸುದ್ದಿಯೇ ಇಲ್ಲ. ಮೂರನೇ ಕಂತಿಗೆ ಅವಳು ಓಡಾಡಿಕೊಂಡಿದ್ದಾಳೆ, ಜೋರು ಬಾಯಿ ವಾಪಸ್ ಬಂದಿದೆ. ಅಷ್ಟು ಕಷ್ಟಪಟ್ಟು ನಂಬಿಸಿದ ಕಾಯಿಲೆಯನ್ನು ಬರೆದವರೇ ಮರೆತರು. ಕಾಮಿಡಿ ಧಾರಾವಾಹಿಯಲ್ಲಿ ಅದು ನಡೆಯುತ್ತೆ. ನಿಜದಲ್ಲಿ ಈ ಕಾಯಿಲೆ ವರ್ಷಗಟ್ಟಲೆ ಇರುತ್ತೆ, ಒಂದು ವಾರ ಚೆನ್ನಾಗಿದ್ದು ಮುಂದಿನ ವಾರ ಬೀಳಿಸುತ್ತೆ. ಮನೆಯವರ ತಾಳ್ಮೆ ಕೆಡುವುದು ಆ ಚೆನ್ನಾಗಿರುವ ವಾರದಲ್ಲಿ: ‘ಮೊನ್ನೆ ಮದುವೆಗೆ ಹೋಗಿ ಬಂದ್ರಲ್ಲ, ಇವತ್ತೇನಾಯ್ತು?’ ಮೊನ್ನೆ ಮದುವೆಗೆ ಹೋಗಿದ್ದಕ್ಕೇ ಇವತ್ತು ಮಲಗಿದ್ದಾರೆ.

ನೋಡುವುದಾದರೆ ಮೊದಲ ಎರಡು ಕಂತುಗಳನ್ನು ಒಂದೇ ಸಲ ನೋಡಿ. ಮೊದಲನೆಯದು ಉತ್ತರ ಕೊಡದೆ ನಿಲ್ಲುತ್ತೆ. ಅಮ್ಮನ ಜೊತೆ ಕೂತು ನೋಡುವುದಾದರೆ ಹೋಟೆಲಿನ ದೃಶ್ಯದ ನಂತರ ಟಿವಿ ನಿಲ್ಲಿಸಿ, ಅವರ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ. ಹಳೆಯವು, ಅರ್ಧ ತಿಂದವು, ಪಕ್ಕದ ಮನೆಯವರು ಕೊಟ್ಟವು, ಎಲ್ಲಾ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಫೈಲ್ ಮರೆತರೂ ಪರವಾಗಿಲ್ಲ, ಆ ಚೀಲ ತನ್ನಿ.