ತೀರ್ಮಾನಗಳು ತೆರೆದಿರುವಾಗಲೇ ಕೇಳಬೇಕು

ಕಾರ್ಯಾಗಾರ, ಸಮ್ಮೇಳನ, ಸಂವಾದಗಳನ್ನು ಆಯೋಜಿಸಲು ಸಲಹೆ ಕೇಳಿ ಬರುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ಆನ್‌ಲೈನ್ ಸಾಧನ ಒಳ್ಳೆಯದು ಎಂಬುದನ್ನು. ಭಾಗವಹಿಸುವವರ ಮಾತಿನಿಂದ ಬದಲಾಗಬಹುದಾದ ಯಾವ ತೀರ್ಮಾನಗಳು ಇನ್ನೂ ಉಳಿದಿವೆ ಎಂದು ನಾನು ಅವರನ್ನು ಮರಳಿ ಕೇಳುತ್ತೇನೆ. ವಿಷಯ, ಭಾಷಣಕಾರರು, ವೇಳಾಪಟ್ಟಿ ಎಲ್ಲವೂ ನಿಗದಿಯಾದ ಮೇಲೆ ಸಲಹೆ ಕೋರುವ ನಮೂನೆಯೊಂದನ್ನು ಕಳುಹಿಸಿದರೆ, ಅದು ಎಷ್ಟೇ ಸೊಗಸಾಗಿದ್ದರೂ ಅದರಿಂದ ಪಾಲ್ಗೊಳ್ಳುವಿಕೆ ಹುಟ್ಟುವುದಿಲ್ಲ.

ಆದ್ದರಿಂದ ಯೋಜನೆಯ ಮೊದಲ ಕಡತವಾಗಿ ತಂಡದವರೆಲ್ಲರೂ ನೋಡಬಲ್ಲ ಸ್ಪ್ರೆಡ್‌ಶೀಟೊಂದನ್ನು ತೆರೆಯುವುದು ನನ್ನ ರೂಢಿ. ಯಾವ ತೀರ್ಮಾನ, ಅದನ್ನು ಕೈಗೊಳ್ಳುವವರು ಯಾರು, ಯಾರ ಅಭಿಪ್ರಾಯ ಬೇಕು, ಎಂದಿನವರೆಗೆ ಬದಲಾವಣೆಗೆ ಅವಕಾಶವಿದೆ ಎಂಬುದನ್ನು ಅದರಲ್ಲಿ ಬರೆಯುತ್ತೇವೆ. ಬಜೆಟ್, ಸ್ಥಳದಂಥ ಕೆಲವು ಸಂಗತಿಗಳು ಆಗಲೇ ಮುಗಿದಿರುತ್ತವೆ. ಅವನ್ನು ಮುಗಿದವೆಂದೇ ನಮೂದಿಸುವುದು ಪ್ರಾಮಾಣಿಕ ಕ್ರಮ.

ನೋಂದಣಿ ನಮೂನೆಯಲ್ಲಿ, ಉತ್ತರವನ್ನು ಬಳಸುವ ಉದ್ದೇಶವಿರುವ ಪ್ರಶ್ನೆಗಳು ಮಾತ್ರ ಇರಬೇಕು. ಸಂಜ್ಞಾಭಾಷೆಯ ಅನುವಾದ, ಮಾತನ್ನು ಪರದೆಯ ಮೇಲೆ ಬರಹವಾಗಿ ತೋರಿಸುವ ಶೀರ್ಷಿಕೆಗಳು, ಗಾಲಿಕುರ್ಚಿಗೆ ದಾರಿ ಬೇಕೇ ಎಂದು ಕೇಳಿದ ಮೇಲೆ ಅವನ್ನು ಒದಗಿಸುವ ಹೊಣೆ ನಮ್ಮದಾಗುತ್ತದೆ. ಹಾಗಾಗಿ ಏರ್ಪಾಟಿಗೆ ಸಮಯವಿರುವಾಗಲೇ ಕೇಳಬೇಕು. "ಯಾವ ವಿಷಯ ನಿಮಗೆ ಇಷ್ಟ?" ಎಂಬ ಪ್ರಶ್ನೆಗೆ ಬರುವ ಉತ್ತರಗಳು ತೀರಾ ಸಾಮಾನ್ಯವಾಗಿರುತ್ತವೆ. "ನಿಮ್ಮ ಕೆಲಸದಲ್ಲಿ ಈಗ ಬಗೆಹರಿಯದೆ ಉಳಿದಿರುವ ತೊಡಕು ಯಾವುದು?" ಎಂದು ಕೇಳಿದರೆ ಗೋಷ್ಠಿಗಳ ಹೂರಣವೇ ಅಲ್ಲಿ ಸಿಗುತ್ತದೆ.

ದಿನಾಂಕವನ್ನು ಆನ್‌ಲೈನ್ ಸಮೀಕ್ಷೆಯಿಂದ ಗೊತ್ತುಪಡಿಸುವುದು ಸುಲಭ. ಬೇರೆ ಬೇರೆ ದೇಶಗಳವರಿದ್ದರೆ ಮಾತ್ರ ಸಮಯವನ್ನು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲೂ ತಿಳಿಸಿ, ತೆರೆದೊಡನೆ ಅವರವರ ಸ್ಥಳೀಯ ಸಮಯಕ್ಕೆ ನಮೂದಾಗುವ ಕ್ಯಾಲೆಂಡರ್ ಕಡತವನ್ನೂ ಕಳುಹಿಸಬೇಕು. ಗಡಿಯಾರವನ್ನು ಋತುವಿಗೆ ತಕ್ಕಂತೆ ಹಿಂದೆ ಮುಂದೆ ಮಾಡುವ ದೇಶಗಳಿಂದಾಗಿ ಒಂದು ಗಂಟೆಯ ವ್ಯತ್ಯಾಸ ಸುಲಭವಾಗಿ ನುಸುಳುತ್ತದೆ.

ವಿಷಯಗಳನ್ನು ಮತದಿಂದ ಆರಿಸುವಾಗ ಹೆಚ್ಚಿನ ಎಚ್ಚರ ಬೇಕು. ಮೊದಲು ಬಂದ ಸಲಹೆಗಳು ಪಟ್ಟಿಯ ಮೇಲ್ಭಾಗದಲ್ಲಿ ಉಳಿದು ಹೆಚ್ಚು ಕಣ್ಣಿಗೆ ಬೀಳುತ್ತವೆ, ಆಗಲೇ ಬಿದ್ದಿರುವ ಮತಗಳ ಸಂಖ್ಯೆ ಕಾಣುತ್ತಿದ್ದರೆ ನಂತರ ಬಂದವರು ಅದೇ ಕಡೆಗೆ ವಾಲುತ್ತಾರೆ. ಪಟ್ಟಿಯ ಕ್ರಮವನ್ನು ಪ್ರತಿಯೊಬ್ಬರಿಗೂ ಬೇರೆಯಾಗಿ ತೋರಿಸುವ, ಮುಗಿಯುವವರೆಗೆ ಎಣಿಕೆಯನ್ನು ಮರೆಮಾಡುವ ಸೌಲಭ್ಯ ಹಲವು ಸಾಧನಗಳಲ್ಲಿದೆ. ಇಷ್ಟಾದರೂ ಬಹುಮತವೊಂದನ್ನೇ ನೆಚ್ಚಬಾರದು: ಕೆಲವೇ ಜನರಿಗೆ ತೀರಾ ಮುಖ್ಯವಾದ ವಿಷಯಕ್ಕೂ ಒಂದು ಅವಧಿ ಮೀಸಲಿಡುವುದನ್ನು ನಾನು ಯಾವಾಗಲೂ ಒತ್ತಾಯಿಸುತ್ತೇನೆ.

ವೇಳಾಪಟ್ಟಿಯನ್ನೇ ಭಾಗವಹಿಸುವವರ ಕೈಗೆ ಕೊಡುವ ಪದ್ಧತಿಗಳೂ ಇವೆ. ಹ್ಯಾರಿಸನ್ ಓವನ್ 1985ರಲ್ಲಿ ಆರಂಭಿಸಿದ ಓಪನ್ ಸ್ಪೇಸ್ ವಿಧಾನದಲ್ಲಿ ಜನರು ವೃತ್ತಾಕಾರದಲ್ಲಿ ಕುಳಿತು, ಚರ್ಚಿಸಬೇಕೆನಿಸಿದ ವಿಷಯಗಳನ್ನು ಹಾಳೆಯಲ್ಲಿ ಬರೆದು, ಗೋಡೆಯ ಮೇಲಿನ ಸಮಯ ಮತ್ತು ಸ್ಥಳಗಳ ಕೋಷ್ಟಕಕ್ಕೆ ತಾವೇ ಅಂಟಿಸುತ್ತಾರೆ. ತಾನು ಕಲಿಯುತ್ತಲೂ ಇಲ್ಲ, ಏನನ್ನೂ ಕೊಡುತ್ತಲೂ ಇಲ್ಲ ಎನಿಸಿದವರು ಎದ್ದು ಬೇರೆ ಗುಂಪಿಗೆ ಹೋಗಬಹುದೆಂಬ "ಎರಡು ಕಾಲುಗಳ ನಿಯಮ" ಇದರ ಜೀವಾಳ. ಆನ್‌ಲೈನ್‌ನಲ್ಲಿ ಆ ಗೋಡೆಯ ಜಾಗವನ್ನು ಎಲ್ಲರೂ ಬರೆಯಬಲ್ಲ ಸ್ಪ್ರೆಡ್‌ಶೀಟ್ ತುಂಬಬಲ್ಲದು. ಆದರೆ ಆತಿಥೇಯರು ಬ್ರೇಕ್‌ಔಟ್ ರೂಮ್‌ಗಳಿಗೆ, ಅಂದರೆ ವಿಡಿಯೊ ಸಭೆಯೊಳಗಿನ ಸಣ್ಣ ಗುಂಪುಗಳ ಕೋಣೆಗಳಿಗೆ, ಜನರನ್ನು ತಾವೇ ಹಂಚಿಬಿಟ್ಟರೆ ವಿಧಾನದ ತಿರುಳೇ ಹೋಗುತ್ತದೆ. ತಮಗೆ ಬೇಕಾದ ಕೋಣೆಯನ್ನು ಆರಿಸಿಕೊಳ್ಳುವ ಆಯ್ಕೆಯನ್ನು ಮೊದಲೇ ತೆರೆದಿಟ್ಟು, ಅದು ಎಲ್ಲರ ಫೋನಿನಲ್ಲೂ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಿರಬೇಕು.

1995ರಲ್ಲಿ ಹುವಾನಿಟಾ ಬ್ರೌನ್ ಮತ್ತು ಡೇವಿಡ್ ಐಸಾಕ್ಸ್ ರೂಪಿಸಿದ ವರ್ಲ್ಡ್ ಕೆಫೆಯಲ್ಲಿ ನಾಲ್ಕೈದು ಜನ ಒಂದು ಮೇಜಿನ ಸುತ್ತ ಸುಮಾರು 20 ನಿಮಿಷ ಮಾತಾಡಿ ಬೇರೆ ಮೇಜುಗಳಿಗೆ ಚದುರುತ್ತಾರೆ. ಒಬ್ಬರು ಅಲ್ಲೇ ಉಳಿದು ಹೊಸಬರಿಗೆ ಹಿಂದಿನ ಮಾತಿನ ಸಾರ ಹೇಳಬಹುದು. ಆನ್‌ಲೈನ್‌ನಲ್ಲಿ ಪ್ರತಿ ಮೇಜಿಗೂ ಒಂದು ಹಂಚಿಕೆಯ ಕಡತವಿದ್ದರೆ ಬಂದವರು ಓದಿಕೊಂಡು ಮುಂದುವರಿಯಬಹುದು. ಕೋಣೆ ಬದಲಿಸಿ ಮೈಕ್ ಸರಿಪಡಿಸಿಕೊಳ್ಳಲು ತಗಲುವ ಕಾಲವನ್ನು ಮಾತ್ರ ಲೆಕ್ಕದಲ್ಲಿಟ್ಟಿರಬೇಕು.

ಕೆಲವರು ಸಭಾಂಗಣದಲ್ಲಿ, ಕೆಲವರು ಪರದೆಯ ಮೇಲೆ ಇರುವ ಮಿಶ್ರ ಕಾರ್ಯಕ್ರಮಗಳಲ್ಲಿ ದೂರದವರು ಬಹುಬೇಗ ಬರೀ ಪ್ರೇಕ್ಷಕರಾಗಿಬಿಡುತ್ತಾರೆ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಪರದೆಯಲ್ಲಿರುವವರ ಪ್ರಶ್ನೆಗಳನ್ನು ಸಭೆಗೆ ದನಿಯೆತ್ತಿ ಮುಟ್ಟಿಸುವ ಕೆಲಸವೊಂದನ್ನೇ ಹೊತ್ತ ಒಬ್ಬರು ಸಭಾಂಗಣದಲ್ಲಿರಬೇಕು, ನಿರೂಪಕರು ಪ್ರತಿ ಚರ್ಚೆಯಲ್ಲೂ ಮೊದಲ ಸರದಿಯನ್ನು ದೂರದವರಿಗೇ ಕೊಡಬೇಕು. ಸಂಪರ್ಕ ಕ್ಷೀಣವಾದವರಿಗಾಗಿ ಬರವಣಿಗೆಯಲ್ಲಿ ಅಥವಾ ಫೋನ್ ಕರೆಯ ಮೂಲಕ ಸೇರುವ ದಾರಿಯನ್ನು ಆಹ್ವಾನದಲ್ಲೇ ತಿಳಿಸಿರಬೇಕು.

ಮುಗಿದ ಮೇಲೆ ಮೊದಲಿನ ಸ್ಪ್ರೆಡ್‌ಶೀಟಿಗೆ ಇನ್ನೊಂದು ಅಂಕಣ ಸೇರುತ್ತದೆ: ಬಂದ ಸಲಹೆಗಳಲ್ಲಿ ಯಾವುದನ್ನು ಅಳವಡಿಸಿಕೊಂಡೆವು, ಯಾವುದನ್ನು ಬಿಟ್ಟೆವು, ಏಕೆ ಬಿಟ್ಟೆವು. ಹೆಸರುಗಳನ್ನು ತೆಗೆದು ಇದನ್ನು ಎಲ್ಲರಿಗೂ ಕಳುಹಿಸಬೇಕು. ಚರ್ಚೆಯ ಟಿಪ್ಪಣಿಗಳು ಉಳಿಯಲಿ. ದೂರವಾಣಿ ಸಂಖ್ಯೆ, ಆರೋಗ್ಯಕ್ಕೆ ಸಂಬಂಧಿಸಿದ ಅಗತ್ಯಗಳಂಥ ನೋಂದಣಿಯ ವಿವರಗಳನ್ನು ನಮೂನೆಯಲ್ಲಿ ತಿಳಿಸಿದ್ದ ದಿನಾಂಕದಂದು, ತಂಡದವರ ಕಂಪ್ಯೂಟರುಗಳಲ್ಲಿರುವ ಪ್ರತಿಗಳೂ ಸೇರಿದಂತೆ, ಅಳಿಸಿಹಾಕಬೇಕು.